ಹರವಿಗೆ ಹೇಳಿದ ಕನಸು

ನನ್ನ ಮೇಜಿನ ಮೇಲೆ ಈಗ ಒಂದು ಆಟದ ಕಂಟ್ರೋಲರ್ ಇದೆ. ಕಪ್ಪು ಬಣ್ಣದ್ದು, ಎರಡು ಕಿವಿ ಇಳಿಬಿಟ್ಟುಕೊಂಡು ಮಲಗಿದ ಪ್ರಾಣಿಯ ಹಾಗಿದೆ. ಕೋರ್ಟಿನಲ್ಲಿ ಬೆರಳಚ್ಚು ಮಾಡುವ ಐವತ್ಮೂರು ವರ್ಷದ ಮನುಷ್ಯನ ಮೇಜಿನ ಮೇಲೆ ಅದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಬ್ರಹ್ಮಪುರದ ನಮ್ಮ ಮನೆಗೆ ಬಂದವರೆಲ್ಲ ಕೇಳಿದ್ದಾರೆ. ಎಲ್ಲರಿಗೂ ನಾನು ಔಷಧಿ ಎಂದು ಹೇಳಿದ್ದೇನೆ. ಅದು ಪೂರ್ತಿ ಸುಳ್ಳಲ್ಲ.

ಬೇಸಿಗೆಯ ಆರಂಭದಲ್ಲಿ ಸೇಡಂ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದೆ. ಹೇಗೆ ಬಿದ್ದಿರಿ ಎಂದರೆ ಹೇಳಲು ನನಗೆ ಇನ್ನೂ ಬಾರದು. ಮುಂದೆ ಒಂದು ಆಟೋ ಹೋಗುತ್ತಿತ್ತು. ಅದರ ಹಿಂಬದಿಗೆ ತೊಗರಿಬೇಳೆಯ ಚೀಲ ಕಟ್ಟಿದ್ದರು. ಚೀಲದ ಮೂಲೆಯಿಂದ ಬೇಳೆ ಒಂದೊಂದೇ ಉದುರುತ್ತಿತ್ತು. ಇಷ್ಟು ನೆನಪಿದೆ. ಆಮೇಲೆ ಡಾಂಬರಿನ ಮೇಲೆ ಕೆನ್ನೆ ಇಟ್ಟು ಮಲಗಿ ಅದೇ ಬೇಳೆಯನ್ನು ತೀರ ಹತ್ತಿರದಿಂದ ನೋಡುತ್ತಿದ್ದುದು ನೆನಪಿದೆ. ನಡುವಿನದು ಇಲ್ಲ. ಮೂವತ್ತು ವರ್ಷ ಸಾಕ್ಷಿಗಳ ಮಾತನ್ನು ಅಕ್ಷರಕ್ಕಕ್ಷರ ಟೈಪು ಮಾಡಿದವನಿಗೆ ಇದು ಸಣ್ಣ ಅವಮಾನವಲ್ಲ. ಕಟಕಟೆಯಲ್ಲಿ ನಿಂತು "ನಡುವಿಂದು ನೆನಪಿಲ್ರಿ ಸಾಹೇಬ್ರ" ಎಂದ ಎಷ್ಟು ಜನರನ್ನು ಕಂಡು ನಾನು ಒಳಗೊಳಗೇ ನಕ್ಕಿಲ್ಲ! ಅವರಲ್ಲಿ ಅರ್ಧ ಜನರ ಕ್ಷಮೆಯನ್ನಾದರೂ ಈಗ ಕೇಳಬೇಕು.

ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ವ್ಯಾಯಾಮ ಕಲಿಸುವ ಡಾಕ್ಟರಮ್ಮ ಒಂದು ಹಳದಿ ರಬ್ಬರ್ ಚೆಂಡು ಕೊಟ್ಟು, ಬೆಳಿಗ್ಗೆ ಸಂಜೆ ಹಿಚುಕಿರಿ ಎಂದರು. ಮೂರನೆಯ ದಿನಕ್ಕೆ ಚೆಂಡಿಗೂ ನನಗೂ ಪರಸ್ಪರ ಬೇಸರ ಬಂದಿತು. ಇಲ್ಲೇ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ನನ್ನ ಮಗಳು ಪಲ್ಲವಿ ಅದನ್ನು ನೋಡುತ್ತಿದ್ದಳು.

"ಅಪ್ಪಾ, ಆ ಚೆಂಡ ನೀ ಹಿಚುಕಾಕತ್ತೀಯೋ, ಅದೇ ನಿನ್ನ ಹಿಚುಕಾಕತ್ತದೋ?"

"ಡಾಕ್ಟರಮ್ಮ ಹೇಳ್ಯಾರವ್ವ."

"ಬೆರಳು ಆಡಿದ್ರ ಆತಲ್ಲ? ಇದು ಹಿಡಿ." ಹೀಗೆ ಆ ಕಂಟ್ರೋಲರ್ ನನ್ನ ಕೈಗೆ ಬಂತು.

ಅವಳು ನನಗಾಗಿ ಆರಿಸಿದ ಆಟದಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ. ನಾಯಕ ಒಬ್ಬ ಅಂಚೆಯವನು. ಹಿಮ ಬೀಳುವ ದೇಶದಲ್ಲಿ ಮನೆಯಿಂದ ಮನೆಗೆ ಕಾಗದ ಮುಟ್ಟಿಸುತ್ತಾನೆ. ಹೊರಗೆ ಮೇ ತಿಂಗಳ ಕಲಬುರಗಿಯ ಬಿಸಿಲು. ಕಿಟಕಿಗೆ ಒದ್ದೆ ಚಾದರ ಕಟ್ಟಿದ್ದೇವೆ, ಹೆಂಡತಿ ಅರ್ಧ ತಾಸಿಗೊಮ್ಮೆ ಮಜ್ಜಿಗೆ ತಂದಿಡುತ್ತಾಳೆ. ಒಳಗೆ ನಾನು ಮೊಣಕಾಲುದ್ದ ಹಿಮದಲ್ಲಿ ನಡೆಯುತ್ತಿದ್ದೇನೆ. ನಡೆಯುತ್ತಿದ್ದೇನೆ ಅನ್ನುವುದು ದೊಡ್ಡ ಮಾತು. ಮೊದಲ ಎರಡು ದಿನ ನನ್ನ ಅಂಚೆಯವನು ಒಂದು ಗೋಡೆಗೆ ಮುಖ ಕೊಟ್ಟು ಇದ್ದಲ್ಲೇ ಕಾಲಾಡಿಸಿದ. "ಅಪ್ಪಾ, ಆ ಗ್ವಾಡಿಗಿ ಕಾಗದ ಬಂದಿಲ್ಲ, ಬಿಡು ಅದನ್ನ" ಎಂದಳು ಪಲ್ಲವಿ.

ಮೂರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಹೆಬ್ಬೆರಳು ಮಾತು ಕೇಳತೊಡಗಿತ್ತು. ಅಂಚೆಯವನು ಒಂದು ಮರದ ಬೆಂಚಿನ ಮೇಲೆ ಒರಗಿ ಕಣ್ಣು ಮುಚ್ಚಿದ.

"ಈಗ ಕನಸು ಬರ್ತದ," ಎಂದಳು ಪಲ್ಲವಿ. "ಬ್ಯಾಸರ ಅದು. ಈ ಗುಂಡಿ ಒತ್ತಿ ಹಿಡಿ, ದಾಟಿ ಹೋಗ್ತದ."

"ಯಾಕ, ಕನಸು ಛಲೋ ಇರಂಗಿಲ್ಲೇನು?"

"ಆಟದಾಗಿನ ಕನಸು ಯಾರಿಗೂ ಸೇರಂಗಿಲ್ಲಪ್ಪ. ಗೆಲ್ಲೂದಿಲ್ಲ, ಸೋಲೂದಿಲ್ಲ, ಬರೇ ನಡಿ ನಡಿ ನಡಿ. ಹಿಂದಿಂದ ಯಾರೋ ಪಿಸುಪಿಸು ಅಂತಾರ. ಏನರೆ ಸಿಕ್ಕರೂ ಎದ್ದ ಮ್ಯಾಲೆ ಅದು ಕೈಯಾಗ ಇರಂಗಿಲ್ಲ. ನಾ ಒಮ್ಮಿನೂ ಪೂರಾ ನೋಡಿಲ್ಲ."

ಪುರಾವೆಗೆಂದು ಆಟವನ್ನು ಅಲ್ಲೇ ನಿಲ್ಲಿಸಿ ಬೇರೆ ಬೇರೆ ಆಟಗಳ ನಾಲ್ಕಾರು ಕನಸುಗಳನ್ನು ತೋರಿಸಿದಳು. ಎಲ್ಲ ಕನಸೂ ನೀಲಿ. ಕುರ್ಚಿಗಳು ಚಾವಣಿಗೆ ಅಂಟಿವೆ, ಗಡಿಯಾರ ಹಿಂದಕ್ಕೆ ಓಡುತ್ತದೆ, ಗಾಳಿಯಲ್ಲಿ ಬಾಗಿಲು ನಿಂತಿದೆ, ಮಾತೆಲ್ಲ ಬಾವಿಯೊಳಗಿನಿಂದ ಬಂದ ಹಾಗೆ. ನಾನು ಮಗಳ ಪಕ್ಷ ವಹಿಸಿದೆ. ನನ್ನ ಐವತ್ಮೂರು ವರ್ಷದ ಕನಸುಗಳಲ್ಲಿ ಒಂದು ಕುರ್ಚಿಯೂ ಚಾವಣಿಗೆ ಹೋಗಿಲ್ಲ. ನನಗೆ ಬೀಳುವ ಕನಸು ಆಫೀಸಿನದು. ಕುರ್ಚಿ ನೆಲದ ಮೇಲೇ ಇರುತ್ತದೆ, ಜವಾನನ ಸ್ವೆಟರ್ ಕೂಡ ಅದೇ ಇರುತ್ತದೆ. ಸಾಕ್ಷಿ ಮಾತಾಡುತ್ತಿರುತ್ತಾನೆ, ನಾನು ಕೀಲಿ ಒತ್ತುತ್ತಿರುತ್ತೇನೆ, ಕಾಗದದ ಮೇಲೆ ಅಕ್ಷರ ಮೂಡುವುದಿಲ್ಲ. ಯಾರಿಗೂ ಗೊತ್ತಾಗಿಲ್ಲ, ನನಗೆ ಮಾತ್ರ ಗೊತ್ತು. ಸಾಕ್ಷಿಗೆ ನಿಲ್ಲು ಎನ್ನಲು ಬಾಯಿ ಬರುವುದಿಲ್ಲ. ಅಷ್ಟೇ. ಬೆವರಿ ಏಳಲು ಅಷ್ಟು ಸಾಕು. ನೀಲಿ ಕನಸು ಮಾಡಿದವರು ತಮ್ಮ ಕನಸನ್ನು ನೋಡಿ ಮಾಡಿಲ್ಲ, ಇನ್ನೊಬ್ಬರು ಮಾಡಿದ ಕನಸನ್ನು ನೋಡಿ ಮಾಡಿದ್ದಾರೆ ಅನ್ನಿಸಿತು.

ಹಾಗೆ ನೋಡಿದರೆ ಇನ್ನೊಬ್ಬರ ಕನಸು ಕೇಳುವುದೇ ಒಂದು ಶಿಕ್ಷೆ. ನಮ್ಮ ಆಫೀಸಿನ ಇಕ್ಬಾಲ್ ಚಹಾದ ಹೊತ್ತಿಗೆ ತನ್ನ ಕನಸು ಹೇಳಲು ಶುರು ಮಾಡಿದರೆ ನಾವೆಲ್ಲ ಕಪ್ಪಿನ ತಳ ನೋಡುತ್ತೇವೆ. ಆದರೆ ಅವನು ಹೇಳುವುದು ಒಳ್ಳೆಯ ಕನಸು ಮಾತ್ರ. "ಬುರಾ ಖ್ವಾಬ್ ಕಿಸೀಕೋ ನೈ ಬೋಲನಾ" ಎಂದು ಅವರ ಅಮ್ಮಿ ಕಲಿಸಿದ್ದಾರಂತೆ. ಎಡಕ್ಕೆ ಮೂರು ಸಲ ಉಗಿದು ಮಗ್ಗುಲು ಬದಲಿಸಬೇಕು, ಯಾರಿಗೂ ಹೇಳಬಾರದು. ನಮ್ಮ ಮನೆಯ ಕಾನೂನು ಬೇರೆ ಇತ್ತು. ನಮ್ಮಲ್ಲಿ ಕೆಟ್ಟ ಕನಸನ್ನು ಹೇಳಲೇಬೇಕು, ಆದರೆ ಮನುಷ್ಯರಿಗಲ್ಲ, ನೀರಿಗೆ. ಆ ವಿಷಯಕ್ಕೆ ಬರುತ್ತೇನೆ. ಬಾರದೆ ಗತ್ಯಂತರವಿಲ್ಲ.

ಅಂಚೆಯವನ ಆಟಕ್ಕೆ ಮರಳಿದಾಗ ಪಲ್ಲವಿ ಹೇಳಿದ ಗುಂಡಿಯನ್ನು ನಾನು ಒತ್ತಲಿಲ್ಲ. ಒತ್ತಬಾರದು ಎಂದಲ್ಲ, ಅದು ಯಾವುದೆಂದು ಮರೆತಿದ್ದೆ. ಇನ್ನು ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಮಧ್ಯಾಹ್ನ ಮೂರೂಕಾಲು. ತೆರೆಯ ಮೇಲೆ ನೀಲಿ ಇಲ್ಲ, ಪಿಸುಮಾತಿಲ್ಲ. ಅಂಚೆಯವನ ಮನೆಯ ಅಂಗಳ. ಮೊದಲ ಅಧ್ಯಾಯದಲ್ಲಿ ಕಂಡ ಅದೇ ಅಂಗಳ. ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು. ಆಚೆ ದಡಕ್ಕೆ ಒಬ್ಬ ಸಣ್ಣ ಹುಡುಗಿ ನನಗೆ ಬೆನ್ನು ಮಾಡಿ ನಿಂತಿದ್ದಾಳೆ. ನಾನು ಕಂಟ್ರೋಲರಿನ ಕಡ್ಡಿಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ದೂಡಿದೆ. ನಿನ್ನೆಯವರೆಗೆ ಒಮ್ಮೆ ದೂಡಿದರೆ ಒಂದು ಹೆಜ್ಜೆ. ಈಗ ಮೂರು ಸಲ ದೂಡಿದರೆ ಒಂದು ಹೆಜ್ಜೆ. ಆ ಹೆಜ್ಜೆಯೂ ಕೆಸರಿನಿಂದ ಕಿತ್ತು ತೆಗೆದ ಹಾಗೆ. ಕೈಯಲ್ಲಿ ಕಂಟ್ರೋಲರ್ ಸಣ್ಣಗೆ ನಡುಗುತ್ತಿತ್ತು. ಇನ್ನೂ ಜೋರಾಗಿ ದೂಡಿದೆ. ಹುಡುಗಿ ತಿರುಗಲಿಲ್ಲ. ಕೈ ನನ್ನದು, ಕಾಲು ನನ್ನ ಮಾತು ಕೇಳುತ್ತಿಲ್ಲ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಮಣಿಕಟ್ಟು ಚುಳುಕ್ ಎಂದಿತು, ಕಂಟ್ರೋಲರ್ ಕೆಳಗೆ ಬಿತ್ತು. ಕಣ್ಣಿನಲ್ಲಿ ನೀರಿತ್ತು. ಅದು ಮಣಿಕಟ್ಟಿನ ನೋವಿಗೆ ಎಂದು ಹೇಳಲು ಆಸೆಯಿದೆ. ಹೇಳಿದರೆ ಸುಳ್ಳು ಸಾಕ್ಷಿಯಾಗುತ್ತದೆ.

"ಅಪ್ಪಾ! ದಾಟಿ ಹೋಗ್ತದಂತ ಹೇಳಿದ್ನಲ್ಲ! ಏನಾತು?"

"ಏನಿಲ್ಲ."

"ಏನಿಲ್ಲಂದ್ರ? 'ಮಾದೇವಿ, ನಿಂದ್ರು' ಅಂತ ಒದರಿದಿ."

ನಾನು ಒದರಿದ್ದು ನನಗೆ ನೆನಪಿಲ್ಲ. ನಡುವಿನದು ಮತ್ತೊಮ್ಮೆ ಕಳೆದಿತ್ತು.

ಮಾದೇವಿ ನನ್ನ ತಂಗಿ. ನನಗಿಂತ ಮೂರು ವರ್ಷ ಚಿಕ್ಕವಳು. ಕಮಲಾಪುರದ ಬಸ್ ಸ್ಟ್ಯಾಂಡಿನ ಹತ್ತಿರ ಟೇಲರಿಂಗ್ ಅಂಗಡಿ ಇಟ್ಟಿದ್ದಾಳೆ. ನಾಲ್ಕು ವರ್ಷದವಳಿದ್ದಾಗ ಪೋಲಿಯೋ ಬಂದು ಅವಳ ಎಡಗಾಲು ಸೋತಿತು. ಪಲ್ಲವಿ ಅದೇ ಕ್ಷಣ ತನ್ನ ಅತ್ತೆಗೆ ಫೋನು ಹಚ್ಚಿದಳು. ಫೋನು ನನ್ನ ಕಿವಿಯಿಂದ ಎರಡು ಮಾರು ದೂರವಿದ್ದರೂ ಮಾದೇವಿಯ ದನಿ ಕೇಳಿಸಿತು.

"ಆಟ ಆಡಿ ಅತ್ತನಂತ? ಈ ವಯಸ್ಸಿನಾಗ? ನನ್ನ ಹೆಸರು ಕರದನಂತ? ಆದಿತ್ಯವಾರ ಆ ಡಬ್ಬಿ ತಗೊಂಡು ಇಬ್ರೂ ಬರ್ರಿ. ನನ್ನ ಹೆಸರಿಲೆ ಅಳಸೋ ಆಟ ಹೆಂಗದ, ನಾನೂ ನೋಡ್ತೀನಿ."

ಈಗ ನೀರಿನ ವಿಷಯ. ನಮ್ಮ ಅವ್ವ ಬೇರೆ ವಿಷಯಗಳಲ್ಲಿ ಹೇಗೇ ಇರಲಿ, ಕನಸಿನ ವಿಷಯದಲ್ಲಿ ಬಹಳ ಶಿಸ್ತಿನವಳು. ಒಳ್ಳೆಯ ಕನಸಾದರೆ ಅವಳು ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕೂತು ಹೇಳಬೇಕು; ಹೇಳಿದವರಿಗೆ ಬಿಸಿ ರೊಟ್ಟಿಗೆ ಒಂದು ಬೆರಳು ಬೆಣ್ಣೆ. ಈ ಬೆಣ್ಣೆಗಾಗಿ ಮಾದೇವಿಗೆ ದಿನಾಲೂ ಒಳ್ಳೆಯ ಕನಸು ಬೀಳುತ್ತಿತ್ತು. ಅವಳ ಕನಸಿನಲ್ಲಿ ಯಾವಾಗಲೂ ಒಂದು ಎಮ್ಮೆ. "ಎಮ್ಮಿ ಬಂತು, ನಕ್ಕಿತು, ಹೋಯ್ತು." ಅಷ್ಟೇ ಕನಸು. ಅವ್ವ ನಗು ನುಂಗಿಕೊಂಡು ಬೆಣ್ಣೆ ಸವರುತ್ತಿದ್ದಳು. ಕೆಟ್ಟ ಕನಸಾದರೆ ಮುಖ ತೊಳೆಯುವ ಮೊದಲು, ಯಾರ ಜೊತೆಯೂ ಮಾತಾಡುವ ಮೊದಲು, ಹರಿಯುವ ನೀರಿಗೆ ಮೂರು ಸಲ ಹೇಳಿ, ಬಾಯಿ ಮುಕ್ಕಳಿಸಿ, ತಿರುಗಿ ನೋಡದೆ ಬರಬೇಕು. ನಮ್ಮ ಕೆಂಪು ಬಾಳೆಯ ತೋಟ ಮನೆಯ ಹಿಂದೆಯೇ ಇತ್ತು. ಬೆಳಿಗ್ಗೆ ಬಾವಿಯ ಮೋಟರು ಹಚ್ಚಿದರೆ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಅಪ್ಪ ಕೂಡ ಒಮ್ಮೊಮ್ಮೆ ಆ ಕಾಲುವೆಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ನೀರಿನ ಜೊತೆ ಗುಸುಗುಸು ಮಾತಾಡುವುದನ್ನು ನಾನು ನೋಡಿದ್ದೇನೆ. ಅವ್ವ ಒಂದು ಎಚ್ಚರಿಕೆ ಮಾತ್ರ ಬಿಡದೆ ಕೊಡುತ್ತಿದ್ದಳು: "ಹರಿಯೋ ನೀರಿಗೇ ಹೇಳ್ರಿ ಮತ್ತ. ನಿಂತ ನೀರಿಗಿ ಹೇಳಬ್ಯಾಡ್ರಿ, ಅಲ್ಲೇ ಕುಂತುಬಿಡ್ತದ."

ನನಗೆ ಏಳು ವರ್ಷ. ಒಂದು ಬೆಳಗಿನ ಜಾವ ಕನಸು ಬಿತ್ತು. ಬಾಳೆಯ ತೋಟದ ಕಾಲುವೆಯಲ್ಲಿ ಮಾದೇವಿಯ ಕಾಲು ಹೂತಿವೆ. ಅವಳು ಅಳುತ್ತಿಲ್ಲ, ಸುಮ್ಮನೆ ಆ ಕಡೆ ನೋಡುತ್ತ ನಿಂತಿದ್ದಾಳೆ. ನಾನು ಓಡುತ್ತಿದ್ದೇನೆ, ಕಾಲು ಏಳುತ್ತಿಲ್ಲ. ಎಚ್ಚರಾದವನೇ ಬಾಯಿ ಬಿಗಿಹಿಡಿದು ಕಾಲುವೆಗೆ ಓಡಿದೆ. ಅಂದು ಕರೆಂಟು ಇರಲಿಲ್ಲ. ಮೋಟರು ಸುಮ್ಮನಿತ್ತು, ಕಾಲುವೆ ಒಣಗಿತ್ತು. ಕರೆಂಟು ಬರುತ್ತದೆಂದು ಕಾದೆ. ಅವ್ವ ಏನು ಕೇಳಿದರೂ ಕೈಯಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದೆ. ಹಲ್ಲುನೋವೆಂದು ಅವಳು ಲವಂಗ ತಂದಳು. ಲವಂಗವನ್ನು ಕೈಯಲ್ಲೇ ಹಿಡಿದುಕೊಂಡು ಇನ್ನಷ್ಟು ಹೊತ್ತು ಕಾದೆ. ಒಳಗಿನಿಂದ ರೊಟ್ಟಿಯ ವಾಸನೆ, ಪುಂಡಿಪಲ್ಯದ ವಾಸನೆ. ಏಳು ವರ್ಷದವನ ಹೊಟ್ಟೆ ಎಷ್ಟು ಹೊತ್ತು ಕಾದೀತು?

ಪಡಸಾಲೆಯ ಮೂಲೆಯಲ್ಲಿ ಹರವಿ ಇತ್ತು. ಕುಡಿಯುವ ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆ. ನಾನು ಸುತ್ತ ನೋಡಿ, ಮುಚ್ಚಳ ತೆಗೆದು, ಬಾಯಿಯನ್ನು ಹರವಿಯೊಳಗೆ ಇಟ್ಟು ಮೂರು ಸಲ ಆ ಕನಸನ್ನು ಹೇಳಿದೆ. ನನ್ನ ದನಿ ಒಳಗೆ ಸುತ್ತು ಹೊಡೆದು ಗುಂಯ್ಯೆಂದು ನನ್ನ ಮುಖಕ್ಕೇ ಬಂತು. ನಿಂತ ನೀರೆಂದು ಗೊತ್ತಿತ್ತು. ಆದರೆ ತಂಬಿಗೆ ಅದ್ದಿದಾಗ ಅದೂ ಅಲ್ಲಾಡುತ್ತದಲ್ಲ, ಹಾಗಾದರೆ ಹರಿಯುವ ನೀರಿನ ಲೆಕ್ಕಕ್ಕೇ ಬರುತ್ತದೆ ಎಂದು ನನಗೆ ನಾನೇ ವಕೀಲನಾದೆ. ಮುಚ್ಚಳ ಇಡುವಷ್ಟರಲ್ಲಿ ಮಾದೇವಿ ಕಣ್ಣುಜ್ಜುತ್ತ ಬಂದು "ಅಣ್ಣಾ, ನೀರು" ಎಂದಳು. ಅವಳಿಗೆ ಹರವಿಯ ಬಾಯಿ ಎಟುಕುತ್ತಿರಲಿಲ್ಲ. ಕೊಡುವುದಿಲ್ಲ ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಆದ್ದರಿಂದ ನಾನೇ ತಂಬಿಗೆ ಅದ್ದಿ, ನನ್ನ ಕೈಯಿಂದಲೇ ಕೊಟ್ಟೆ. ಅವಳು ಗಲ್ಲದ ಮೇಲೆಲ್ಲ ಸುರಿಸಿಕೊಂಡು ಅರ್ಧ ಕುಡಿದು, ಉಳಿದದ್ದನ್ನು ನನಗೆ ಕೊಟ್ಟಳು.

ಹನ್ನೆರಡನೆಯ ದಿನ ಅವಳಿಗೆ ಜ್ವರ ಬಂತು. ಜ್ವರ ಹೋದ ಮೇಲೆ ಕಾಲು ಬರಲಿಲ್ಲ.

ನಾನು ಓದಿದವನು. ಪೋಲಿಯೋ ಯಾವುದರಿಂದ ಬರುತ್ತದೆ ಎಂದು ನನಗೆ ಗೊತ್ತು. ಡಾಕ್ಟರುಗಳ ಎಷ್ಟೋ ಹೇಳಿಕೆಗಳನ್ನು ಟೈಪು ಮಾಡಿದ್ದೇನೆ. ಆದರೆ ತಿಳಿದುಕೊಂಡವನೂ ನಂಬಿಕೊಂಡವನೂ ನನ್ನೊಳಗೆ ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿಕೊಂಡಿದ್ದಾರೆ. ಒಬ್ಬರ ಅಡುಗೆ ಇನ್ನೊಬ್ಬರು ಉಣ್ಣುವುದಿಲ್ಲ. ಯಾರಿಗೂ ಹೇಳಲಿಲ್ಲ. ಅವಳ ಶಾಲೆಯ ಚೀಲ ಹತ್ತನೆಯ ಇಯತ್ತೆಯವರೆಗೆ ನಾನೇ ಹೊತ್ತೆ. ಬಾಳೆಹಣ್ಣಿನಲ್ಲಿ ದೊಡ್ಡದು ಅವಳಿಗೆ. ಅವಳು ನನ್ನ ಪಾಟಿ ಒಡೆದಾಗ ನನ್ನ ಕೈಯಿಂದಲೇ ಬಿತ್ತೆಂದು ಮಾಸ್ತರರಿಗೆ ಹೇಳಿದೆ. ಅಣ್ಣ ಅಂದರೆ ಹೀಗಿರಬೇಕು ಎಂದು ಓಣಿಯ ಹೆಂಗಸರು ತಮ್ಮ ಮಕ್ಕಳನ್ನು ಬೈಯುವಾಗ ನನ್ನನ್ನು ತೋರಿಸುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಅದನ್ನು ಅವರು ವಿನಯ ಎಂದುಕೊಂಡರು.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಪಲ್ಲವಿಯೂ ನಾನೂ ಕಮಲಾಪುರಕ್ಕೆ ಹೋದೆವು. ಮಾದೇವಿ ಕತ್ತರಿಸುತ್ತಿದ್ದ ಬಟ್ಟೆಯನ್ನು ಸರಿಸಿ ಮೇಜಿನ ಮೇಲೆ ಲ್ಯಾಪ್‌ಟಾಪಿಗೆ ಜಾಗ ಮಾಡಿದಳು. ಕನ್ನಡಕ ಏರಿಸಿ, ಕಂಟ್ರೋಲರನ್ನು ತಿರುವಿ ಮುರುವಿ ನೋಡಿ, "ಇದರ ಹೊಲಿಗಿ ಎಲ್ಲಿ ಅದ?" ಎಂದಳು.

"ಅತ್ತೀ, ಅದು ಪ್ಲಾಸ್ಟಿಕ್."

"ಪ್ಲಾಸ್ಟಿಕ್ಕಿಗೂ ಜೋಡಿಸಿದ ಗೆರಿ ಇರ್ತದವ್ವ. ಇಲ್ಲೇ ಅದ ನೋಡು. ಹಂ, ಹಚ್ಚು ನಿಮ್ಮಪ್ಪನ ಕನಸು."

ಅದೇ ಅಂಗಳ, ಅದೇ ನೀರು, ಬೆನ್ನು ಮಾಡಿದ ಅದೇ ಹುಡುಗಿ. ನಾನು ಬಾಗಿಲ ಬಳಿ ನಿಂತೆ. ಮಾದೇವಿ ಮೂರು ಸಲ ದೂಡಿದಳು, ಒಂದು ಹೆಜ್ಜೆ. ಮತ್ತೆ ಮೂರು ಸಲ, ಮತ್ತೊಂದು ಹೆಜ್ಜೆ. ಜೋರು ಮಾಡಲಿಲ್ಲ, ನಿಟ್ಟುಸಿರು ಬಿಡಲಿಲ್ಲ. ಅಂಗಿಗೆ ಗುಂಡಿ ಹಚ್ಚುವವಳ ಹಾಗೆ ಸಮನಾಗಿ ದೂಡುತ್ತ ಹೋದಳು.

"ಬ್ಯಾಸರಾದ್ರ ದಾಟಿಸಬಹುದು ಅತ್ತೀ," ಎಂದಳು ಪಲ್ಲವಿ.

"ಯಾಕ ದಾಟಸಬೇಕು? ನಡಿಯಾಕತ್ತಾನಲ್ಲ ಪಾಪ."

"ಎಷ್ಟು ಸಾವಕಾಶ!"

"ಇದು ಸಾವಕಾಶ ಏನು? ನಾ ಮನ್ಯಾಗಿಂದ ಸ್ಟ್ಯಾಂಡಿಗಿ ಹೋಗೂದು ಹಿಂಗೇ. ಬರೋಬರ್ ಅದ."

ಹಾಗೆ ದೂಡುತ್ತ ದೂಡುತ್ತ ಅವಳ ಅಂಚೆಯವನು ಆ ಹುಡುಗಿಯ ಹತ್ತಿರ ಹೋಗಿಯೇ ಬಿಟ್ಟ. ಪಲ್ಲವಿ ಮುಂದಕ್ಕೆ ಬಾಗಿದಳು; ಅವಳು ಆ ಕನಸಿನ ಕೊನೆಯನ್ನು ಎಂದೂ ನೋಡಿರಲಿಲ್ಲ. ಹುಡುಗಿ ಆಗಲೂ ತಿರುಗಲಿಲ್ಲ. ಒಂದಿಷ್ಟು ಪಕ್ಕಕ್ಕೆ ಸರಿದು, ಅವನಿಗೆ ನಿಲ್ಲಲು ಜಾಗ ಕೊಟ್ಟಳು. ಇಬ್ಬರೂ ನೀರು ನೋಡುತ್ತ ನಿಂತರು. ಕನಸು ಮುಗಿಯಿತು.

"ಇಷ್ಟೇನು? ಇದಕ್ಕ ಕಣ್ಣೀರು ಹಾಕಿದಿ?" ಎಂದಳು ಮಾದೇವಿ ನನ್ನ ಕಡೆ ತಿರುಗಿ. "ನನಗೇನೂ ಆಗಲಿಲ್ಲಪ್ಪ. ನಾ ಕನಸಿನಾಗೂ ಕುಂಟತೀನಿ. ಅಲ್ಲಿ ಚಪ್ಪಲ ಸವಿಯಂಗಿಲ್ಲ, ಅಷ್ಟೇ ಫಾಯ್ದಾ."

ಆಟದೊಳಗಿನ ಕನಸು ಆಡುವವರ ಮನಸ್ಸು ಮುಟ್ಟುತ್ತದೆಯೇ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಈ ಮೂವರನ್ನು ತೋರಿಸಬೇಕಾಗುತ್ತದೆ. ಒಬ್ಬಳು ನೋಡದೆಯೇ ದಾಟಿ ಹೋದಳು. ಒಬ್ಬಳು ಕೊನೆಯವರೆಗೆ ನಡೆದು, ಏನೂ ಆಗಲಿಲ್ಲ ಎಂದಳು. ಒಬ್ಬ ನಾಲ್ಕು ಹೆಜ್ಜೆಗೆ ಎದ್ದು ಕೂಗಿದ. ಆ ಅಂಗಳ ಮಾಡಿದವರಿಗೆ ನನ್ನ ಕಾಲುವೆ ಗೊತ್ತಿರಲಿಲ್ಲ. ಅವರು ಮಾಡಿದ್ದು ಒಂದೇ ಕೆಲಸ: ಹೆಬ್ಬೆರಳಿಗೂ ಕಾಲಿಗೂ ಇದ್ದ ಸಂಬಂಧವನ್ನು ಸ್ವಲ್ಪ ಸಡಿಲ ಮಾಡಿದರು. ಉಳಿದದ್ದನ್ನು ನಾನು ಹೊತ್ತು ತಂದಿದ್ದೆ.

ಮಾದೇವಿ ಪಲ್ಲವಿಯನ್ನು ಚಹಾ ತರಲು ಕಳಿಸಿದಳು. ಆಮೇಲೆ ಕನ್ನಡಕ ತೆಗೆದು, "ಖರೆ ಹೇಳು. ನನ್ನ ಹೆಸರ ಯಾಕ ಕರದಿ?" ಎಂದಳು.

ಹೇಳಿದೆ. ಕಾಲುವೆ, ಕರೆಂಟು, ಲವಂಗ, ಹರವಿ, ತಂಬಿಗೆ, ಹನ್ನೆರಡು ದಿನ. ಸ್ಟೂಲಿನ ಮೇಲೆ ಕೂತು, ಒಂದನ್ನೂ ಬಿಡದೆ ಹೇಳಿದೆ.

ಅವಳು ಪಾಟೀಸವಾಲಿಗೆ ಇಳಿದಳು. "ಯಾವ ಹರವಿ? ಪಡಸಾಲಿದಾ, ಅಡಗಿಮನಿದಾ?"

"ಪಡಸಾಲಿದು."

"ಆ ನೀರು ನೀ ಕುಡದಿ?"

"ನೀ ಬಿಟ್ಟದ್ದು ಕುಡದೆ."

"ಅವ್ವ, ಅಪ್ಪ?"

"ದಿನಾ ಎಲ್ಲಾರೂ ಅದರಾಗಿಂದೇ ಕುಡೀತಿದ್ದೆವು."

"ಮತ್ತ ಹುಡುಕ್ಕೊಂಡು ನನ್ನ ಕಾಲಿಗೇ ಬಂತೇನದು? ನೀ ಹೇಳುವಾಗ ವಿಳಾಸ ಹೇಳಿದ್ದಿಯೇನು?"

ನಾನು ನಕ್ಕೆ. ನಲವತ್ತಾರು ವರ್ಷದ ಭಾರ ಇಳಿಯಿತು ಎಂದುಕೊಂಡೆ. ಆದರೆ ಅವಳು ನಗುತ್ತಿರಲಿಲ್ಲ. ಕತ್ತರಿಯನ್ನು ಎತ್ತಿ ಮೇಜಿನ ಆಚೆ ತುದಿಗೆ ಇಟ್ಟಳು.

"ನೀರಿಂದು ಬಿಡು. ನೀನೂ ಕೂಸಿದ್ದಿ. ಒಂದು ಕೇಳ್ತೀನಿ. ನನ್ನ ಚೀಲ ಹೊತ್ತದ್ದು ಇದಕ್ಕೇನು?"

ನಾನು ಮತ್ತೆ ನೆಲ ನೋಡಿದೆ.

"ಪಾಟಿ ಒಡದದ್ದು ಮೈಮ್ಯಾಲೆ ಹಾಕ್ಕೊಂಡದ್ದು? ಪ್ರತಿ ಹಬ್ಬಕ್ಕ ಮದಲ ನಮ್ಮನಿಗಿ ಓಡಿ ಬರೂದು? ನಮ್ಮಣ್ಣಗ ನಾ ಅಂದ್ರ ಜೀವ ಅಂತ ಊರ ತುಂಬ ಹೇಳಿಕೋತ ತಿರಗೀನಿ ನಾ. ನಮ್ಮ ನೆಗೆಣ್ಣಿ ಅವರ ಅಣ್ಣನ್ನ ಬೈಯುವಾಗ ನನಗ ಎಷ್ಟು ಸೊಕ್ಕು ಬರ್ತಿತ್ತು ಗೊತ್ತದೇನು? ಅದೆಲ್ಲಾ ನನಗಲ್ಲ? ಈ ಕಾಲಿಗಿ ಏನು?"

ಇಂಥ ಪ್ರಶ್ನೆ ನನಗೆ ಎಂದೂ ಹೊಳೆದಿರಲಿಲ್ಲ. ನಾನು ಇಷ್ಟು ವರ್ಷ ಹೆದರಿದ್ದು ಅವಳು ತನ್ನ ಕಾಲಿಗೆ ನನ್ನನ್ನು ಹೊಣೆ ಮಾಡುತ್ತಾಳೆಂದು. ಅವಳು ಕೇಳುತ್ತಿದ್ದುದು ತನಗೆ ಅಣ್ಣನಿದ್ದನೋ ಇಲ್ಲವೋ ಎಂದು. ಒಂದೊಂದನ್ನೂ ಬಿಡಿಸಿ ನೋಡಲು ಪ್ರಯತ್ನಿಸಿದೆ: ಚೀಲ ಹೊತ್ತದ್ದು ಯಾವುದಕ್ಕೆ, ಹಣ್ಣು ಕೊಟ್ಟದ್ದು ಯಾವುದಕ್ಕೆ. ಬೇರೆಯಾಗಲಿಲ್ಲ. ಪ್ರೀತಿಯಿಂದಲೇ ಎಂದು ಹೇಳಿಬಿಡಬಹುದಿತ್ತು. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಿದವರ ಗತಿ ಏನಾಗುತ್ತದೆಂದು ನೋಡುತ್ತಲೇ ನನ್ನ ಆಯುಷ್ಯ ಕಳೆದಿದೆ.

"ಗೊತ್ತಿಲ್ಲ ಮಾದೇವಿ," ಎಂದೆ.

ಅವಳು ಮೇಜಿನ ಮೇಲಿನ ಸೀಮೆಸುಣ್ಣದ ಗೆರೆಗಳನ್ನು ಕೈಯಿಂದ ಒರೆಸಿದಳು. ಆಮೇಲೆ ತಲೆಯೆತ್ತಿ, "ಹಂಗಾದ್ರ ನನ್ನ ಮ್ಯಾಲಿನ ಒಂದರೆ ಸಿಟ್ಟು ಹೇಳು," ಎಂದಳು.

"ಏನು?"

"ಸಿಟ್ಟು, ಸಿಟ್ಟು. ಅಣ್ಣ ತಂಗಿ ಅಂದ ಮ್ಯಾಲೆ ಸಿಟ್ಟು ಇರ್ತಾವ. ನೀ ಒಮ್ಮಿನೂ ನನ್ನ ಜೋಡಿ ಜಗಳ ಆಡಿಲ್ಲ. ಪಾಪ ಅನ್ನಿಸಿಕೊಂಡ ಮಂದಿ ಜೋಡಿ ಯಾರೂ ಜಗಳ ಆಡಂಗಿಲ್ಲ, ಅಣ್ಣಾ. ಇವತ್ತು ಒಂದರೆ ಹೇಳು. ಇಲ್ಲಂದ್ರ ಚಹಾ ಕುಡದು ಹೋಗು, ಮತ್ತ ಬರಬ್ಯಾಡ."

ಹಾಸ್ಯವಲ್ಲ ಅದು. ನಾನು ಹುಡುಕಿದೆ. ನಿಜವಾಗಿ ಹುಡುಕಿದೆ. ಮೊದಲು ಏನೂ ಸಿಗಲಿಲ್ಲ. ಆಮೇಲೆ ಕಣ್ಣು ನನ್ನ ಎಡಗೈ ಮೇಲೆ ಹೋಯಿತು.

"ನೀ ಹೊಲಿಯೋ ಅಂಗಿ..." ಎಂದೆ.

"ಹಂ?"

"ಎಡ ತೋಳು ಉದ್ದ ಇರ್ತದ."

"ಏನಂದಿ?"

"ಒಂದ್ ಬೆರಳಿನಷ್ಟು ಉದ್ದ. ಇದೊಂದೇ ಅಲ್ಲ, ಎಲ್ಲಾ ಅಂಗೀದೂ. ಟೈಪು ಮಾಡುವಾಗ ಕೀಲಿಗಿ ಅಡ್ಡ ಬರ್ತದ. ನಾ ಮಡಚಿಕೋತೀನಿ."

"ಎಷ್ಟು ದಿನದಿಂದ?"

"ನೀ ಮಿಶನ್ ತಗೊಂಡಾಗಿಂದ."

ಮಾದೇವಿ ಮೇಜು ಹಿಡಿದು ಎದ್ದು ನಿಂತಳು. "ನಿನ್ನ ಕೈನೇ ಗಿಡ್ಡ ಅದ!"

"ಕೈ ಗಿಡ್ಡ ಇಲ್ಲ. ಟೇಪ್ ಹಿಡಿದು ನೋಡು."

"ನನಗ ಟೇಪ್ ತೋರಸ್ತೀ? ಅರ್ಧ ಕಮಲಾಪುರ ನಾ ಹೊಲದದ್ದು ಹಾಕ್ಕೊಂಡು ತಿರಗತದ, ಒಬ್ರು ಒಂದ್ ಮಾತು ಅಂದಿಲ್ಲ!"

"ಅವರು ನಿನಗ ಅಂಜಿ ಅಂದಿಲ್ಲ! ಕಾಲರೂ ಬಿಗಿ ಇರ್ತದ. ಫೋನ್ಯಾಗ ಹೇಳಬೇಕಂದ್ರ ನಾ ಮಾತು ಮುಗಸೋದರಾಗ ನೀ ಕಟ್ ಮಾಡ್ತೀ. ಯಾವಾಗಲೂ ಹಂಗೇ ಮಾಡ್ತೀ!"

ನನ್ನ ದನಿ ರಸ್ತೆಯವರೆಗೆ ಹೋಗಿತ್ತು. ಚಹಾದ ಕೆಟಲು ಹಿಡಿದು ಬಂದ ಪಲ್ಲವಿ ಹೊಸ್ತಿಲಲ್ಲಿ ಹಾಗೇ ನಿಂತಳು. ಅವಳು ಹುಟ್ಟಿದಾಗಿನಿಂದ ನಾನು ಯಾರ ಮೇಲೂ ಹಾಗೆ ದನಿ ಏರಿಸಿದ್ದನ್ನು ಕೇಳಿರಲಿಲ್ಲ. ಮಾದೇವಿ ಟೇಪು ಎಳೆದುಕೊಂಡು ಬಂದು ನನ್ನ ಎರಡೂ ಕೈ ಅಳೆದಳು. ಎರಡೂ ಒಂದೇ ಇದ್ದವು. ಅಂಗಿಯ ಎರಡೂ ತೋಳು ಅಳೆದಳು. ಒಂದೇ ಇರಲಿಲ್ಲ. ಟೇಪನ್ನು ತಿರುವಿ ಮತ್ತೊಮ್ಮೆ ಅಳೆದಳು.

"ಬಟ್ಟಿ ಜಗ್ಗ್ಯದ," ಎಂದಳು.

"ಎಡಗಡಿದೇ ಜಗ್ಗತದೇನು?"

"ಬಾಯಿ ಮುಚ್ಚಿ ಅಂಗಿ ಬಿಚ್ಚು!"

ಬಿಚ್ಚಿಕೊಟ್ಟೆ. ಅವಳು ಬೆನ್ನು ತಿರುಗಿಸಿ ಮಿಶನ್ನಿನ ಮುಂದೆ ಕೂತು, ತೋಳಿನ ಹೊಲಿಗೆಯನ್ನು ಸರಸರ ಬಿಚ್ಚತೊಡಗಿದಳು. ಬಿಚ್ಚುತ್ತ ಬೈಯುತ್ತಿದ್ದಳು: ನನ್ನ ಕೈಗೆ, ನನ್ನ ಕತ್ತಿಗೆ, ನನ್ನ ಮೂವತ್ತು ವರ್ಷದ ಮೌನಕ್ಕೆ. ನಾನು ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೂತು, ಸಿಕ್ಕ ಸಿಕ್ಕಲ್ಲಿ ಎದುರುತ್ತರ ಕೊಡುತ್ತಿದ್ದೆ. ಅಷ್ಟರಲ್ಲಿ ರವಿಕೆಯ ಬಟ್ಟೆ ಹಿಡಿದು ಒಬ್ಬ ಹೆಂಗಸು ಒಳಗೆ ಬಂದಳು. ನಾನು ಗಾಬರಿಯಾಗಿ ಮೇಜಿನ ಮೇಲಿದ್ದ ಯಾರದೋ ಲಂಗದ ಬಟ್ಟೆಯನ್ನು ಹೆಗಲಿಗೆಳೆದುಕೊಂಡೆ. ಆಕೆ ಬಾಗಿಲಲ್ಲೇ ನಿಂತು ನನ್ನನ್ನು ಒಮ್ಮೆ, ಮಾದೇವಿಯನ್ನು ಒಮ್ಮೆ ನೋಡಿದಳು.

"ಯಾರ್ರೀ ಅಕ್ಕೋರ ಇವರು?"

ಮಾದೇವಿ ತಲೆಯೆತ್ತಲಿಲ್ಲ. ಹಲ್ಲಿನಿಂದ ದಾರ ಕಡಿದಳು.

"ನಮ್ಮಣ್ಣ," ಎಂದಳು. "ಬಾಳ ಜಗಳಗಂಟ ಇದ್ದಾನ್ರಿ."